ಪರರ ಕೂಸು ನಮ್ಮ ಹೊಸ್ತಿಲೊಳಗೆ



ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಸೊಲೊಮೋನ ಅರಸನ ಮುಂದೆ ವ್ಯಾಜ್ಯಕ್ಕೆ ನಿಂತ ಕಥೆಯು ನಮ್ಮ ಭಾನುವಾರದ ಶಾಲೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅರಸನು ಕತ್ತಿಯನ್ನು ತರಿಸಿದಾಗ, ಕೂಸಿನ ಜೀವ ಉಳಿಯುವದಾದರೆ ಅದು ಪರಳ ಕೈಯಲ್ಲಿಯೇ ಬೆಳೆಯಲೆಂದು ಯಾವಳು ಬಿಟ್ಟುಕೊಟ್ಟಳೋ ಅವಳೇ ಹೆತ್ತವಳೆಂದು ತೀರ್ಪಾಯಿತು. ನಾವು ಅರಸನ ಬುದ್ಧಿಯನ್ನು ಕೊಂಡಾಡಿ ಕಥೆಯನ್ನು ಅಲ್ಲಿಗೆ ಮುಗಿಸಿಬಿಡುತ್ತೇವೆ. ಆದರೆ ಆ ದಿನ ಅರಸನು ಸುಮ್ಮನಿದ್ದು, ಕೂಸು ನಿಜವಾಗಿಯೂ ಪರರ ಮನೆಗೆ ಹೋಗಿದ್ದರೆ ಆಗೇನು? ಬಿಟ್ಟುಕೊಟ್ಟವಳ ಧರ್ಮವು ನಮಗೆ ತಿಳಿದಿದೆ. ತಕ್ಕೊಂಡವಳ ಧರ್ಮವೇನು? ಇದನ್ನು ಕುರಿತು ನಾವು ಯೋಚಿಸುವದು ಬಹು ಕಡಿಮೆ. ಆದರೂ ಲೋಕದಲ್ಲಿ ಒಂದು ಕಾಲದಲ್ಲಿ ಈ ಪ್ರಶ್ನೆಯು ಲಕ್ಷಾಂತರ ಹಳ್ಳಿಗರ ಬಾಗಲನ್ನು ಒಂದೇ ವಾರದಲ್ಲಿ ತಟ್ಟಿತು. ಅವರು ನಮ್ಮಂತೆಯೇ ಹೊಲ ಗದ್ದೆಗಳ ನಡುವೆ ವಾಸಿಸುತ್ತಿದ್ದವರಾದದರಿಂದ ಅವರ ಸಂಗತಿಯನ್ನು ಈ ಪತ್ರಿಕೆಯಲ್ಲಿ ಬರೆಯುವದು ತಕ್ಕದ್ದೆಂದು ನನಗೆ ತೋರಿತು.

ನಾನು ಹೇಳುವದು ಇಂಗ್ಲಂಡ್ ದೇಶದಲ್ಲಿ ೧೯೩೯ನೇ ಇಸವಿಯಲ್ಲಿ ನಡೆದದ್ದು. ಮತ್ತೊಂದು ಯುದ್ಧ ಬಂದರೆ ಶತ್ರುಗಳ ವಿಮಾನಗಳು ದೊಡ್ಡ ಪಟ್ಟಣಗಳ ಮೇಲೆ ಬಾಂಬುಗಳನ್ನೂ ವಿಷವಾಯುವನ್ನೂ ಸುರಿಸುವವೆಂಬ ಭಯವು ಆ ದೇಶದವರನ್ನು ಹಲವು ವರುಷಗಳಿಂದ ಹಿಡಿದಿತ್ತು. ೧೯೩೭ರಲ್ಲಿ ಸ್ಪೇನ್ ದೇಶದ ಗೆರ್ನಿಕಾ ಎಂಬ ಊರು ಹಾಗೆಯೇ ಹಾಳಾದದ್ದನ್ನು ಅವರು ಕೇಳಿದ್ದರು. ಆದಕಾರಣ ೧೯೩೮ರಲ್ಲಿ ಸರ್ ಜಾನ್ ಆಂಡರ್ಸನ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಮಂಡಲಿಯು ಕೂಡಿ, ಪಟ್ಟಣದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುವ ಏರ್ಪಾಟನ್ನು ಆಲೋಚಿಸಿತು. ದೇಶವನ್ನು ಮೂರು ಪಾಲು ಮಾಡಿದರು. ಜನರನ್ನು ಕಳುಹಿಸತಕ್ಕ ಸ್ಥಳಗಳು ಕೆಲವು, ಅವರನ್ನು ಅಂಗೀಕರಿಸತಕ್ಕ ಸ್ಥಳಗಳು ಕೆಲವು, ಎರಡಕ್ಕೂ ಸೇರದವು ಕೆಲವು. ಹಳ್ಳಿಯ ಮನೆಮನೆಗೂ ಹೋಗಿ ಕೋಣೆಗಳನ್ನು ಎಣಿಸಿ, ಕೋಣೆಗೊಬ್ಬರಂತೆ ಲೆಕ್ಕ ಬರಕೊಂಡರು.

ಸೆಪ್ಟೆಂಬರ್ ೧ನೇ ತಾರೀಕು ಶುಕ್ರವಾರ ಜರ್ಮನಿಯ ಸೈನ್ಯವು ಪೋಲಂಡ್ ದೇಶದೊಳಗೆ ನುಗ್ಗಿತು. ಇಂಗ್ಲಂಡಿನವರು ಯುದ್ಧ ಸಾರಿದ್ದು ಅದರ ಮೂರನೆಯ ದಿನ. ಅಷ್ಟರೊಳಗೆ ಮಕ್ಕಳ ಪ್ರಯಾಣವು ಆರಂಭವಾಗಿಹೋಗಿತ್ತು. ಬೆಳಗಾಗುವ ಮುಂಚೆಯೇ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲುಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಅಂಗಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷವಾಯು ತಡೆಯುವ ಮುಖವಾಡದ ರಟ್ಟಿನ ಪೆಟ್ಟಿಗೆ, ಕೈಯಲ್ಲಿ ಬಟ್ಟೆಯ ಗಂಟು. ಯಾವ ಊರಿಗೆ ಹೋಗುತ್ತೇವೆಂಬದು ಮಕ್ಕಳಿಗೂ ತಿಳಿಯದು, ತಾಯಂದಿರಿಗೂ ತಿಳಿಯದು. ತಾಯಂದಿರು ಅನೇಕ ಕಡೆಗಳಲ್ಲಿ ರೈಲು ಸ್ಟೇಶನಿನ ಹೊರಗಡೆಯೇ ನಿಲ್ಲಬೇಕಾಯಿತು. ಮುಟ್ಟಿದ ಮೇಲೆ ಮನೆಗೆ ಕಳುಹಿಸಬೇಕೆಂದು ಮಕ್ಕಳ ಕೈಯಲ್ಲಿ ಒಂದು ಅಂಚೆ ಕಾರ್ಡನ್ನು ಕೊಟ್ಟಿದ್ದರು. ಆ ಕಾರ್ಡು ಬಂದ ಮೇಲೆಯೇ ತಾಯಿಗೆ ತನ್ನ ಮಗು ಎಲ್ಲಿದೆ ಎಂಬದು ಗೊತ್ತಾಯಿತು. ಹೀಗೆ ಕೆಲವೇ ದಿನಗಳಲ್ಲಿ ಸುಮಾರು ೧೫ ಲಕ್ಷ ಜನರು ಸ್ಥಳ ಬದಲಾಯಿಸಿದರು. ಅವರಲ್ಲಿ ತಂದೆತಾಯಿಗಳಿಲ್ಲದೆ ಹೊರಟ ಶಾಲಾಮಕ್ಕಳು ಸುಮಾರು ೮,೨೭,೦೦೦. ಚಿಕ್ಕ ಕೂಸುಗಳು, ಅವರ ತಾಯಂದಿರು ಸೇರಿ ಸುಮಾರು ೫,೨೪,೦೦೦. ಗರ್ಭಿಣಿಯರು, ಕುರುಡರು, ಅಂಗಹೀನರು ಬೇರೆ. ಮಕ್ಕಳೊಂದಿಗೆ ಹೋದ ಶಾಲಾಮಾಸ್ತರರೂ ಸಹಾಯಕರೂ ಲಕ್ಷಕ್ಕೆ ಮಿಕ್ಕಿದ್ದರು.

ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನೀವು ಕೇಳಿರುತ್ತೀರಿ. ಅದು ಬೇರೆ ಮಾತು. ಅಲ್ಲಿ ಅಜ್ಜಿಯಿಂದ ಹಸುಗೂಸಿನ ವರೆಗೂ ಒಂದೇ ಗುಡಿಸಲಿನಲ್ಲಿ ಇದ್ದರು. ಇಲ್ಲಿಯಾದರೋ ಜೀವ ಉಳಿಸುವದಕ್ಕಾಗಿಯೇ ಮನೆಯನ್ನು ಎರಡಾಗಿ ಹರಿದರು.

ಈ ಏರ್ಪಾಟಿನಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಮಗುವನ್ನು ಕಳುಹಿಸುವದೂ ಕಳುಹಿಸದೆ ಇರುವದೂ ತಂದೆತಾಯಿಗಳ ಇಷ್ಟಕ್ಕೆ ಬಿಡಲ್ಪಟ್ಟಿತ್ತು. ಬಂದ ಮಗುವನ್ನು ಸೇರಿಸಿಕೊಳ್ಳುವದಾದರೋ ಹಳ್ಳಿಯ ಮನೆಯವನ ಇಷ್ಟಕ್ಕೆ ಬಿಡಲ್ಪಟ್ಟಿರಲಿಲ್ಲ. ಕೋಣೆಯಿದ್ದೂ ಒಲ್ಲೆನೆಂದವನನ್ನು ನ್ಯಾಯಸ್ಥಾನಕ್ಕೆ ಎಳೆದು ದಂಡ ಹಾಕುವ ಅಧಿಕಾರವಿತ್ತು. ಕೊಡುವವಳಿಗೆ ಸ್ವಾತಂತ್ರ್ಯ, ತಕ್ಕೊಳ್ಳುವವನಿಗೆ ಕಾಯಿದೆ! ಕಾಯಿದೆಗೆ ಅಂಜಿ ಬಾಗಲು ತೆರೆದವನಿಗೆ ಅತಿಥಿಸತ್ಕಾರದ ಹೆಸರು ಸಲ್ಲುತ್ತದೋ ಎಂದು ಯಾರಾದರೂ ಕೇಳಿಯಾರು. ನಾನು ಇದಕ್ಕೆ ಈಗಲೇ ಉತ್ತರ ಹೇಳದೆ, ಮೊದಲು ತಾಯಂದಿರ ವಿಷಯವನ್ನು ತೀರಿಸುತ್ತೇನೆ. ಯಾಕಂದರೆ ಲೋಕದ ಜನರು ಮೊದಲು ತಪ್ಪು ಹೊರಿಸುವದು ಅವರ ಮೇಲೆಯೇ.

ಶರತ್ಕಾಲ ಕಳೆಯಿತು, ಚಳಿಗಾಲ ಬಂತು, ಒಂದು ಬಾಂಬೂ ಬೀಳಲಿಲ್ಲ. ಮಕ್ಕಳ ಹಾಸಿಗೆಗಳು ಬರಿದಾಗಿದ್ದ ಮನೆಗಳಲ್ಲಿ ತಾಯಂದಿರಿಗೆ ದಿನ ನೂಕುವದು ಕಷ್ಟವಾಯಿತು. ೧೯೪೦ರ ಜನವರಿಯೊಳಗೆ ಶಾಲಾಮಕ್ಕಳಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಮಂದಿ ಪಟ್ಟಣಕ್ಕೆ ಹಿಂದಿರುಗಿದ್ದರು. ಕೂಸುಗಳನ್ನು ಎತ್ತಿಕೊಂಡು ಹೋಗಿದ್ದ ತಾಯಂದಿರಲ್ಲಿ ನೂರಕ್ಕೆ ೮೫ಕ್ಕೂ ಮಿಕ್ಕಿ ಹಿಂದಿರುಗಿದರು. ಸರಕಾರದವರು ಗೋಡೆಗಳಿಗೆ ಚಿತ್ರಪಟಗಳನ್ನು ಅಂಟಿಸಿದರು. ಒಂದರಲ್ಲಿ ಹಿಟ್ಲರನ ನೆರಳು ತಾಯಿಯ ಹಿಂದೆ ನಿಂತು, ಮಕ್ಕಳನ್ನು ಮನೆಗೆ ಕರಕೊಂಡು ಹೋಗೆಂದು ಕಿವಿಯಲ್ಲಿ ಊದುವಂತೆ ಬರೆದಿತ್ತು. ತಾಯಿಯ ಹಂಬಲವನ್ನು ಸೈತಾನನ ಶೋಧನೆಯಂತೆ ತೋರಿಸಿದ ಆ ಚಿತ್ರವು ನನಗೆ ಮೆಚ್ಚಿಗೆಯಾಗುವದಿಲ್ಲ. ಆದರೂ ಆ ಸರಕಾರದವರ ಭಯ ಸುಳ್ಳಾಗಿರಲಿಲ್ಲ. ೧೯೪೦ರ ಸೆಪ್ಟೆಂಬರ್ ೭ರಿಂದ ಲಂಡನ್ ಪಟ್ಟಣದ ಮೇಲೆ ೫೭ ರಾತ್ರಿ ಎಡೆಬಿಡದೆ ಬಾಂಬುಗಳು ಬಿದ್ದವು. ಯುದ್ಧ ಮುಗಿಯುವ ವರೆಗೆ ಆ ದೇಶದಲ್ಲಿ ೭,೦೦೦ಕ್ಕಿಂತ ಹೆಚ್ಚು ಮಕ್ಕಳು ಬಾಂಬುಗಳಿಂದ ಸತ್ತರು.

ಹಾಗಾದರೆ ಮಗುವನ್ನು ಹಿಂದಕ್ಕೆ ಕರತಂದವಳು ಪಾಪಿಯೂ, ದೂರ ಕಳುಹಿಸಿದವಳು ಪುಣ್ಯವಂತಳೂ ಆದರೋ? ಇಲ್ಲಿ ಒಂದು ಹಡಗಿನ ಸಮಾಚಾರವನ್ನು ಹೇಳಬೇಕು. ೧೯೪೦ರಲ್ಲಿ ಮಕ್ಕಳನ್ನು ಸಮುದ್ರದಾಚೆಯ ದೇಶಗಳಿಗೆ ಸಾಗಿಸುವ ಇನ್ನೊಂದು ಏರ್ಪಾಟಾಯಿತು. ಸಿಟಿ ಆಫ್ ಬನಾರಸ್ ಎಂಬ ಹಡಗು ಆ ಏರ್ಪಾಟಿನ ೯೦ ಮಕ್ಕಳನ್ನು ಹತ್ತಿಸಿಕೊಂಡು ಸೆಪ್ಟೆಂಬರ್ ೧೩ರಂದು ಲಿವರ್‌ಪೂಲಿನಿಂದ ಕೆನಡಾ ದೇಶಕ್ಕೆ ಹೊರಟಿತು. ೧೭ರ ರಾತ್ರಿ ಬಿರುಗಾಳಿಯ ನಡುವೆ ಜರ್ಮನರ ಜಲಾಂತರ್ಗಾಮಿಯು ಅದನ್ನು ಒಡೆದು ಮುಳುಗಿಸಿತು. ೭೭ ಮಕ್ಕಳು ಸತ್ತರು. ಕಾಶಿಯ ಹೆಸರನ್ನು ಹೊತ್ತ ಆ ಹಡಗಿನಲ್ಲಿ ನಮ್ಮ ಹಿಂದೂಸ್ಥಾನದ ಖಲಾಸಿಗಳು ಬಹು ಮಂದಿ ಇದ್ದರು. ಅವರಲ್ಲಿ ಅನೇಕರು ಆ ಹಿಮದಂಥ ನೀರಿನಲ್ಲಿ ಪ್ರಾಣಬಿಟ್ಟರು. ಒಂದು ದೋಣಿ ಮಾತ್ರ ಎಂಟು ದಿನ ಸಮುದ್ರದಲ್ಲಿ ತೇಲಾಡಿ ರಕ್ಷಣೆ ಹೊಂದಿತು. ಅದರಲ್ಲಿ ಆರು ಹುಡುಗರೂ, ಮೇರಿ ಕಾರ್ನಿಶ್ ಎಂಬ ಸಂಗೀತದ ಉಪಾಧ್ಯಾಯಿನಿಯೂ, ಒಬ್ಬ ಪಾದ್ರಿಯೂ ಇದ್ದರು. ಉಳಿದವರಲ್ಲಿ ಹೆಚ್ಚಿನವರು ನಮ್ಮ ದೇಶದ ಖಲಾಸಿಗಳೇ. ಆಕೆಯು ಹುಡುಗರ ಮರಗಟ್ಟಿದ ಕಾಲುಗಳನ್ನು ತಿಕ್ಕುತ್ತಾ, ದಿನವೂ ಒಂದು ಸಾಹಸದ ಕಥೆಯನ್ನು ಕಟ್ಟಿ ಬೆಳೆಸುತ್ತಾ ಅವರನ್ನು ಬದುಕಿಸಿದಳು. ಈ ದುರಂತದ ತರುವಾಯ ಸಮುದ್ರದಾಚೆಗೆ ಮಕ್ಕಳನ್ನು ಕಳುಹಿಸುವದು ನಿಂತುಹೋಯಿತು.

ಆ ೭೭ ಮಕ್ಕಳ ತಾಯಂದಿರು ತಮ್ಮ ಮಕ್ಕಳನ್ನು ಬಾಂಬಿನಿಂದ ದೂರ ಮಾಡಬೇಕೆಂದೇ ಕಳುಹಿಸಿದರು. ಲಂಡನಿನಲ್ಲಿಯೇ ಉಳಿಸಿಕೊಂಡವರಲ್ಲಿ ಎಷ್ಟೋ ಮಂದಿಯ ಮಕ್ಕಳು ಬದುಕಿ ಮುದುಕರಾದರು. ಫಲವನ್ನು ನೋಡಿ ತಾಯಿಯ ಕ್ರಿಯೆಗೆ ಬೆಲೆ ಕಟ್ಟುವೆವಾದರೆ, ಗಾಳಿಯ ದಿಕ್ಕನ್ನೂ ಶತ್ರುವಿನ ಗುರಿಯನ್ನೂ ನ್ಯಾಯಾಧಿಪತಿಯ ಪೀಠದಲ್ಲಿ ಕೂಡ್ರಿಸಿದ ಹಾಗಾಗುವದು. ತಾನು ತಿಳಿದಷ್ಟರಲ್ಲಿ, ತನ್ನ ಸಲುವಾಗಿಯೋ ಮಗುವಿನ ಸಲುವಾಗಿಯೋ ಯೋಚಿಸಿದಳೆಂಬದನ್ನು ಮಾತ್ರ ನಾವು ಕೇಳಬಹುದು. ಅದನ್ನಾದರೂ ಅವಳೇ ತನ್ನ ಮನಸ್ಸಿನೊಳಗೆ ಕೇಳಿಕೊಳ್ಳಬೇಕೇ ಹೊರತು ನೆರೆಯವರು ಕೇಳಬಾರದು. ಮತ್ತು ಮಗುವಿನ ಹಿತವೆಂದರೇನೆಂಬದೂ ಅಷ್ಟು ಸುಲಭವಾದ ಮಾತಲ್ಲ. ೧೯೩೯ರ ಡಿಸೆಂಬರಿನಲ್ಲಿಯೇ ಬೌಲ್ಬಿ, ಮಿಲ್ಲರ್, ವಿನಿಕಾಟ್ ಎಂಬ ಮೂವರು ವೈದ್ಯರು, ಐದು ವರುಷದೊಳಗಿನ ಕೂಸುಗಳನ್ನು ತಾಯಿಯಿಂದ ಅಗಲಿಸುವದರಿಂದ ಆಗುವ ಕೇಡನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಎಚ್ಚರಿಕೆ ಬರೆದರು. ಲಂಡನಿನಲ್ಲಿ ಯುದ್ಧಕಾಲದ ಶಿಶುಗೃಹಗಳನ್ನು ನಡಿಸಿದ ಆನಾ ಫ್ರಾಯ್ಡ್ ಎಂಬಾಕೆಯೂ, ಚಿಕ್ಕ ಮಕ್ಕಳು ತಾಯಿಯ ಮಗ್ಗುಲಲ್ಲಿದ್ದರೆ ಬಾಂಬಿನ ಸದ್ದನ್ನು ಬಹಳಮಟ್ಟಿಗೆ ಸಹಿಸುತ್ತಾರೆ, ಅಗಲಿಕೆಯನ್ನು ಸಹಿಸಲಾರರೆಂದು ಕಂಡಳು. ಆದಕಾರಣ ಕಳುಹಿಸಿದವಳನ್ನಾಗಲಿ ಕರತಂದವಳನ್ನಾಗಲಿ ನಾನು ದೂಷಿಸಲಾರೆನು.

ಈಗ ಹಳ್ಳಿಗೆ ಬರೋಣ. ರೈಲುಗಾಡಿಯಲ್ಲಿ ದಿನವೆಲ್ಲಾ ಕೂತು, ಹಸಿದು, ಮೈಗೆ ಮಸಿ ಹತ್ತಿ, ಮಕ್ಕಳು ಗುರುತರಿಯದ ಸ್ಟೇಶನಿನಲ್ಲಿ ಇಳಿದರು. ಅವರನ್ನು ಊರಿನ ಚಾವಡಿಗೋ ಶಾಲೆಗೋ ಸಭಾಮಂದಿರಕ್ಕೋ ನಡಿಸಿಕೊಂಡು ಹೋದರು. ಕೆಲವು ಊರುಗಳಲ್ಲಿ ಅಧಿಕಾರಿಯು ಮುಂಚಿತವಾಗಿಯೇ ಪಟ್ಟಿ ಬರೆದು, ಇಂಥ ಮಗು ಇಂಥ ಮನೆಗೆಂದು ತಾನೇ ಕರಕೊಂಡು ಹೋಗಿ ಬಿಟ್ಟನು. ಬೇರೆ ಅನೇಕ ಊರುಗಳಲ್ಲಿ ಹಾಗಲ್ಲ. ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ಊರವರು ಒಳಗೆ ಬಂದು, ನಡೆದಾಡಿ ನೋಡಿ, ತಮಗೆ ಬೇಕಾದವರನ್ನು ಬೊಟ್ಟುಮಾಡಿ ತೋರಿಸಿ ಆರಿಸಿಕೊಂಡರು. ಒಕ್ಕಲಿಗರು ಹೊಲಗೆಲಸಕ್ಕೆ ಒದಗುವ ಗಟ್ಟಿಮುಟ್ಟಾದ ಹುಡುಗರನ್ನು ಹಿಡಿದರು. ಗೃಹಿಣಿಯರು ಶುಚಿಯಾದ ಉಡುಪಿನ ಹೆಣ್ಣುಮಕ್ಕಳನ್ನು ಹಿಡಿದರು. ಅಣ್ಣನು ತಂಗಿಯ ಕೈಯನ್ನು ಬಿಡಬಾರದೆಂದು ತಾಯಿ ಹೇಳಿ ಕಳುಹಿಸಿದ್ದರೂ, ಇಬ್ಬರಿಗೆ ಎಡೆಯಿಲ್ಲವೆಂದು ಒಬ್ಬಳನ್ನೇ ಕರಕೊಂಡು ಹೋದವರುಂಟು. ಹೊತ್ತು ಮುಳುಗಿದ ಮೇಲೆಯೂ ಯಾರಿಗೂ ಬೇಡವಾಗಿ ಉಳಿದವರು ಬಡಕಲಾದವರು, ಕನ್ನಡಕ ಹಾಕಿದವರು, ಹರಕು ಬಟ್ಟೆಯವರು, ಒಟ್ಟಿಗಿರಬೇಕೆಂದು ಹಟ ಹಿಡಿದ ಮೂರು ನಾಲ್ಕು ಮಂದಿ ಒಡಹುಟ್ಟಿದವರು. ಅಧಿಕಾರಿಯು ಅವರನ್ನು ಕತ್ತಲಲ್ಲಿ ಬಾಗಲಿಂದ ಬಾಗಲಿಗೆ ಕರಕೊಂಡು ಹೋಗಿ ಬೇಡಬೇಕಾಯಿತು. ಕಟ್ಟಕಡೆಯಲ್ಲಿ ಉಳಿದವನೆಂಬ ಆ ಒಂದು ಗಳಿಗೆಯನ್ನು ಎಪ್ಪತ್ತು ಎಂಬತ್ತು ವರುಷದ ಮುದುಕರಾದ ಮೇಲೆಯೂ ಮರೆಯಲಾರದೆ ಹೇಳಿಕೊಂಡವರು ಬಹಳ ಮಂದಿ.

ಸಂತೆಯಲ್ಲಿ ಕರುವಿನ ಹಲ್ಲು ಹಿಡಿದು ನೋಡುವದನ್ನು ನಾವೆಲ್ಲರೂ ಬಲ್ಲೆವು. ಅದು ತಪ್ಪಲ್ಲ, ಕರುವು ದುಡಿಮೆಗೆ ಬರುವಂಥದು. ಆದರೆ ಮನುಷ್ಯರ ಮಗುವನ್ನು ಹಾಗೆ ನೋಡುವದರಲ್ಲಿರುವ ತಪ್ಪು ಯಾವದು? ಆರಿಸುವದೇ ತಪ್ಪೆಂದು ನಾನು ಮೊದಲು ನೆನಸಿದ್ದೆನು. ಯೋಚಿಸಿದ ಹಾಗೆಲ್ಲಾ ಅದು ಸಾಲದೆಂದು ತೋರಿತು. ಒಂಟಿಯಾಗಿರುವ ಮುದಿ ವಿಧವೆಯೊಬ್ಬಳು, ಹದಿಮೂರು ವರುಷದ ಪಟ್ಟಣದ ಹುಡುಗನನ್ನು ಹತೋಟಿಯಲ್ಲಿಡಲಾರೆನೆಂದು ಚಿಕ್ಕ ಹುಡುಗಿಯನ್ನು ಕೇಳಿದಳೆನ್ನೋಣ. ಅವಳೂ ಆರಿಸಿದಳು. ಆದರೆ ಈ ಮಗುವಿಗೆ ನಾನು ಏನಾಗಬಲ್ಲೆನೆಂದು ಯೋಚಿಸಿ ಆರಿಸಿದಳು. ಒಕ್ಕಲಿಗನಾದರೋ ಈ ಮಗು ನನಗೆ ಏನಾಗಬಲ್ಲದೆಂದು ಯೋಚಿಸಿ ಆರಿಸಿದನು. ಹೊರಗಣ ಕ್ರಿಯೆಯು ಒಂದೇ, ಬೊಟ್ಟು ಒಂದೇ ರೀತಿಯಲ್ಲಿ ಚಾಚಿತು. ಹೀಗಿರಲಾಗಿ ಗೋಡೆಗೆ ನಿಂತ ಮಗುವಿಗೆ ಈ ಭೇದ ತಿಳಿಯುವದುಂಟೇ? ಅದಕ್ಕೆ ಕಾಣುವದು, ತನ್ನನ್ನು ದಾಟಿ ಹೋದ ಕಣ್ಣುಗಳು ಮಾತ್ರವೇ. ಆದದರಿಂದ ಒಳ್ಳೇ ಮನಸ್ಸಿನಿಂದ ಆರಿಸಿದವರೂ ಅರಿಯದೆ ಆ ಗಾಯದಲ್ಲಿ ಪಾಲುಗಾರರಾದರು. ಪಟ್ಟಿ ಬರೆದು ಮನೆಮನೆಗೆ ಬಿಟ್ಟ ಅಧಿಕಾರಿಯ ಕ್ರಮವೇ ನನಗೆ ಉತ್ತಮವಾಗಿ ಕಾಣುತ್ತದೆ. ಹೆತ್ತವಳಿಗೂ ಇಂಥ ಮಗುವೇ ಬೇಕೆಂದು ಬೊಟ್ಟುಮಾಡಿ ಆರಿಸುವ ಅವಕಾಶವಿರುವದಿಲ್ಲವಷ್ಟೆ. ಮಡಿಲಿಗೆ ಬಂದದ್ದನ್ನು ಅವಳು ತನ್ನದೆನ್ನುತ್ತಾಳೆ.

ಮನೆಯೊಳಗೆ ಹೋದ ಮೇಲೆ ಬೇರೆ ಕಷ್ಟಗಳು ಕಾದಿದ್ದವು. ಮಕ್ಕಳ ತಲೆಗಳಲ್ಲಿ ಹೇನು ಕಂಡಿತು. ಕೆಲವರಿಗೆ ಮೈಮೇಲಿದ್ದ ಬಟ್ಟೆಯ ಹೊರತು ಬದಲು ಬಟ್ಟೆಯಿರಲಿಲ್ಲ. ತೂತುಬಿದ್ದ ರಬ್ಬರಿನ ಜೋಡುಗಳು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಾದರೆ ಹಾಸಿಗೆಗಳು ಒದ್ದೆಯಾಗಿರುತ್ತಿದ್ದವು. ಈ ಒದ್ದೆ ಹಾಸಿಗೆಯ ದೂರು ದೇಶದ ಎಲ್ಲಾ ಕಡೆಗಳಿಂದ ಎದ್ದು ಪಾರ್ಲಿಮೆಂಟಿನ ವರೆಗೂ ಮುಟ್ಟಿತು. ಪಟ್ಟಣದ ಹೆಂಗಸರಿಗೆ ಮಕ್ಕಳನ್ನು ಸಾಕುವದಕ್ಕೇ ಬಾರದೆಂದು ಹಳ್ಳಿಯ ಗೃಹಿಣಿಯರು ಆಡಿಕೊಂಡರು. ಇದಕ್ಕೆ ಎದುರಾಗಿ, ವಿದ್ಯುದ್ದೀಪವೂ ನಲ್ಲಿಯೂ ಇದ್ದ ಮನೆಗಳಿಂದ ಬಂದ ಮಕ್ಕಳು, ಬಾವಿಯ ನೀರನ್ನೂ ಹಿತ್ತಲಿನ ಪಾಯಿಖಾನೆಯನ್ನೂ ಕಂಡು ಅತ್ತದ್ದೂ ಉಂಟು. ಅದನ್ನು ಯಾರೂ ಪಾರ್ಲಿಮೆಂಟಿಗೆ ಬರೆಯಲಿಲ್ಲ.

ನಾನು ಒಂಬತ್ತು ವರುಷದವನಾಗಿದ್ದಾಗ ನನ್ನನ್ನು ದೂರದ ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಮೊದಲಿನ ಕೆಲವು ರಾತ್ರಿಗಳಲ್ಲಿ ನನ್ನ ಚಾಪೆಯೂ ಒದ್ದೆಯಾಯಿತು. ಮನೆಯಲ್ಲಿ ನನಗೆ ಆ ಅಭ್ಯಾಸವಿರಲಿಲ್ಲ. ಅಡಿಗೆಯ ಅಮ್ಮನವರು ಉಳಿದ ಹುಡುಗರು ಏಳುವ ಮುಂಚೆಯೇ ಆ ಚಾಪೆಯನ್ನು ಎತ್ತಿ, ತೊಳೆದು, ಸೌದೆಯ ರಾಶಿಯ ಹಿಂದೆ ಒಣಗಹಾಕುತ್ತಿದ್ದರು. ಅದನ್ನು ಕುರಿತು ನನ್ನ ಸಂಗಡ ಒಂದು ಮಾತನ್ನೂ ಆಡಲಿಲ್ಲ. ಎರಡು ವಾರದ ಮೇಲೆ ಅದು ತಾನಾಗಿ ನಿಂತಿತು. ಇಂಗ್ಲಂಡಿನ ಆ ಮಕ್ಕಳ ಸಂಗತಿಯನ್ನು ಓದಿದಾಗ, ಹಗಲಿನಲ್ಲಿ ಅಳಬಾರದೆಂದು ತಡೆದುಕೊಂಡ ಕೂಸಿನ ಮೈ ರಾತ್ರಿಯಲ್ಲಿ ಅತ್ತುಬಿಡುತ್ತದೆಂದು ನನಗೆ ತಿಳಿಯಿತು. ವೈದ್ಯರೂ ಆ ಕಾಲದಲ್ಲಿ ಇದಕ್ಕೆ ಭಯವನ್ನೂ ಅಗಲಿಕೆಯನ್ನೂ ಕಾರಣವಾಗಿ ಹೇಳಿದರು. ಕೋಲು ಹಿಡಿದ ಮನೆಗಳಲ್ಲಿ ಅದು ನಿಲ್ಲಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹೌದು, ಕೋಲು ಹಿಡಿದ ಮನೆಗಳೂ ಇದ್ದವು, ಕೋಲಿಗಿಂತ ಕೆಟ್ಟವೂ ಇದ್ದವು. ಸಣ್ಣ ಮಕ್ಕಳನ್ನು ಆಳಿನಂತೆ ದುಡಿಸಿದವರು, ಅರೆಹೊಟ್ಟೆಯಲ್ಲಿಟ್ಟವರು, ಮನೆಗೆ ಬರೆದ ಕಾಗದವನ್ನು ತಾವು ಓದಿ ನೋಡಿದ ಹೊರತು ಕಳುಹಿಸಗೊಡದವರು ಇದ್ದರು. ಮಗುವು ತನ್ನ ಕಷ್ಟವನ್ನು ಯಾರಿಗೆ ಹೇಳೀತು? ಇಲ್ಲಿ ದೋಷವು ಆ ಮನೆಯವನ ಮೇಲೆ ಮಾತ್ರ ನಿಲ್ಲುವದಿಲ್ಲ. ಗೋಡೆಯ ಈಚೆಯಲ್ಲಿ ಅಳು ಕೇಳಿಸಿದರೂ ಪರರ ಮನೆಯ ಮಾತು ನಮಗೇಕೆಂದು ಮುಸುಕೆಳೆದು ಮಲಗಿದ ನೆರೆಯವನೂ, ಹುಡುಗನು ಶಾಲೆಯಲ್ಲಿ ತೂಕಡಿಸುವದನ್ನು ಕಂಡೂ ಕೇಳದ ಮಾಸ್ತರನೂ, ಭಾನುವಾರ ಆ ಮನೆಯವರ ಕೈಕುಲುಕಿದ ಸಭೆಯವರೂ ಅದರಲ್ಲಿ ಸೇರಿದ್ದಾರೆ. ೧೯೪೫ರ ಜನವರಿಯಲ್ಲಿ ೧೨ ವರುಷದ ಹುಡುಗನೊಬ್ಬನು ಒಂದು ದೂರದ ಒಕ್ಕಲು ಮನೆಯಲ್ಲಿ ಸಾಕುವವನ ಹೊಡೆತದಿಂದಲೂ ಹಸಿವೆಯಿಂದಲೂ ಸತ್ತನು. ಇವನು ಯುದ್ಧದ ನಿಮಿತ್ತ ಬಂದವನಲ್ಲ, ಅಧಿಕಾರಿಗಳು ಸಾಕುವದಕ್ಕೆ ಒಪ್ಪಿಸಿದ ಅನಾಥನಂಥ ಹುಡುಗ. ಆದರೂ ದೇಶವೆಲ್ಲಾ ನಡುಗಿತು. ಪರರ ಮನೆಗಳಲ್ಲಿರುವ ಮಕ್ಕಳನ್ನು ಕುರಿತು ವಿಚಾರಣೆ ನಡೆದು, ೧೯೪೮ರಲ್ಲಿ ಮಕ್ಕಳ ಕಾಯಿದೆಯು ಹುಟ್ಟಿತು. ಮಗುವನ್ನು ಒಪ್ಪಿಸಿದ ಮೇಲೆ ಹೋಗಿ ನೋಡುವವರಿರಬೇಕೆಂಬ ಸಾಮಾನ್ಯ ಬುದ್ಧಿಯು ಕಾಯಿದೆಯಾಗುವದಕ್ಕೆ ಒಂದು ಮರಣವು ಬೇಕಾಯಿತು.

ಹಣದ ಮಾತನ್ನು ಬೇಗನೆ ಮುಗಿಸುತ್ತೇನೆ. ಒಂದು ಮಗುವನ್ನು ಇಟ್ಟುಕೊಂಡವರಿಗೆ ವಾರಕ್ಕೆ ೧೦ ಶಿಲ್ಲಿಂಗ್ ೬ ಪೆನ್ಸ್ ದೊರೆಯುತ್ತಿತ್ತು. ಒಂದಕ್ಕಿಂತ ಹೆಚ್ಚಿದ್ದರೆ ತಲೆಗೆ ೮ ಶಿಲ್ಲಿಂಗ್ ೬ ಪೆನ್ಸ್. ಹಣ ತಕ್ಕೊಂಡು ಮಾಡಿದ ಸೇವೆಯು ಪ್ರೀತಿಯಾಗಲಾರದೆಂದು ಕೆಲವರು ವಾದಿಸಿದರು. ವಾರಕ್ಕೆ ೪೦ ಶಿಲ್ಲಿಂಗ್ ಸಹ ದೊರೆಯದ ಹೊಲಗೂಲಿಯವನು ಈ ಹಣವಿಲ್ಲದೆ ಮಗುವಿಗೆ ಹಾಲು ರೊಟ್ಟಿಗಳನ್ನು ಎಲ್ಲಿಂದ ತರಬೇಕು? ದೊಡ್ಡ ಮನೆಯವರಲ್ಲಿ ಅನೇಕರು ನೆವ ಹೇಳಿ ತಪ್ಪಿಸಿಕೊಂಡರು, ಭಾರವೆಲ್ಲಾ ಬಡವರ ಗುಡಿಸಲುಗಳ ಮೇಲೆ ಬಿತ್ತೆಂದು ಆಗಲೇ ಜನರು ಹೇಳಿಕೊಂಡರು. ಮೋಶೆಯ ತಾಯಿಯಾದ ಯೋಕೆಬೆದಳು ಸ್ವಂತ ಕೂಸಿಗೆ ಹಾಲುಕೊಟ್ಟು ಫರೋಹನ ಮಗಳಿಂದ ಸಂಬಳ ತಕ್ಕೊಂಡಳು. ಅವಳ ಹಾಲು ಅದರಿಂದ ಕೆಡಲಿಲ್ಲ. ಕಾಯಿದೆಯ ಪ್ರಶ್ನೆಗೂ ನನ್ನ ಉತ್ತರ ಇದೇ. ಕಾಯಿದೆಯು ಮಗುವನ್ನು ಹೊಸ್ತಿಲ ವರೆಗೆ ತಂದು ನಿಲ್ಲಿಸಿತು. ಒಲ್ಲದ ಮನಸ್ಸಿನಿಂದ ಬಾಗಲು ತೆರೆದ ಎಷ್ಟೋ ಮನೆಗಳಲ್ಲಿ, ನಾಲ್ಕು ತಿಂಗಳೊಳಗೆ ಆ ಮಗುವಿಗೆ ಜ್ವರ ಬಂದರೆ ಮನೆಯೊಡತಿಗೆ ನಿದ್ದೆ ಬರುತ್ತಿರಲಿಲ್ಲ. ಆರಂಭವು ಬಲವಂತದ್ದಾಗಿತ್ತೆಂದು ಆ ನಿದ್ದೆಗೆಟ್ಟ ರಾತ್ರಿಯನ್ನು ಲೆಕ್ಕದಿಂದ ಹೊಡೆದುಹಾಕುವದು ನ್ಯಾಯವಲ್ಲ.

ಈಗ ನಮಗೆ ಸಮೀಪವಾದ ಒಂದು ವಿಷಯಕ್ಕೆ ಬರುತ್ತೇನೆ. ಲಿವರ್‌ಪೂಲ್ ಪಟ್ಟಣದಿಂದ ರೋಮನ್ ಕಥೋಲಿಕ ಮಕ್ಕಳು ಬಹು ಮಂದಿ ಉತ್ತರ ವೇಲ್ಸ್ ದೇಶಕ್ಕೆ ಹೋದರು. ಅಲ್ಲಿಯ ಹಳ್ಳಿಗರು ಪ್ರೊಟೆಸ್ಟಂಟ್ ಸಭೆಗಳವರು, ಬಹು ನಿಷ್ಠೆಯುಳ್ಳವರು. ಎಷ್ಟೋ ಮೈಲುಗಳ ವರೆಗೆ ಕಥೋಲಿಕ ಆಲಯವಾಗಲಿ ಪಾದ್ರಿಯಾಗಲಿ ಇರಲಿಲ್ಲ. ಲಂಡನಿನ ಯೆಹೂದ್ಯರ ಮಕ್ಕಳೂ ಹೀಗೆಯೇ ಕ್ರೈಸ್ತರ ಮನೆಗಳಿಗೆ ಹೋದರು. ಲಂಡನಿನ ಪ್ರಸಿದ್ಧವಾದ ಯೆಹೂದ್ಯ ಶಾಲೆಯೊಂದು ಈಲಿ ಎಂಬ ಊರಿನ ದೊಡ್ಡ ದೇವಾಲಯದ ನೆರಳಿಗೆ ಹೋಗಿ ನೆಲೆಸಿತು. ಈ ಮನೆಗಳಲ್ಲಿ ಭಾನುವಾರ ಬಂದಾಗ ಏನು ಮಾಡಬೇಕು? ಮಗುವನ್ನು ಒಬ್ಬಂಟಿಯಾಗಿ ಬಿಟ್ಟು ಹೋಗಬೇಕೋ, ತಮ್ಮ ಸಂಗಡ ಕರಕೊಂಡು ಹೋಗಬೇಕೋ? ಹಂದಿಯ ಮಾಂಸ ಬಡಿಸಬಹುದೋ? ಕೆಲವರು ಏನೂ ಯೋಚಿಸದೆ ತಮ್ಮ ವಾಡಿಕೆಯಂತೆ ನಡಿಸಿದರು. ಕೆಲವರು ದೂರದಿಂದ ಪಾದ್ರಿಯನ್ನೋ ರಬ್ಬಿಯನ್ನೋ ಕರಸುವ ಶ್ರಮ ತಕ್ಕೊಂಡರು. ಈ ಮಕ್ಕಳನ್ನು ನಮ್ಮ ವಿಶ್ವಾಸಕ್ಕೆ ತರುವದಕ್ಕೆ ದೇವರೇ ಕೊಟ್ಟ ಸಮಯವಿದೆಂದು ಸಂತೋಷಪಟ್ಟವರೂ ಇದ್ದರು.

ಉಪದೇಶಿಯಾದ ನಾನು ಈ ಕಡೆಯವರ ಪಕ್ಷವನ್ನು ಹಿಡಿಯುವೆನೆಂದು ವಾಚಕರು ನೆನಸಬಹುದು. ನಾನು ಹಿಡಿಯಲಾರೆನು. ಸತ್ಯವು ರೊಟ್ಟಿಯಂತಿದ್ದರೆ ಹಸಿದ ಮಗುವಿಗೆ ಅದನ್ನು ಕೊಡದೆ ಇರುವದು ಕ್ರೂರತನವಲ್ಲವೇ ಎಂದು ಒಬ್ಬ ಹಿರಿಯ ಸಹೋದರರು ನನ್ನನ್ನು ಕೇಳಿದರು. ಪ್ರಶ್ನೆಯು ಬಲವಾದದ್ದು. ನನ್ನ ಉತ್ತರವೇನೆಂದರೆ, ಆ ಮಗುವು ನಮಗೆ ದಾನವಾಗಿ ಬಂದದ್ದಲ್ಲ, ನಂಬಿ ಇಟ್ಟ ಇಡುಗಂಟು. ನೆರೆಯವನು ತೀರ್ಥಯಾತ್ರೆಗೆ ಹೋಗುವಾಗ ನಮ್ಮಲ್ಲಿ ಇಟ್ಟ ಗಂಟನ್ನು ಬಿಚ್ಚಿ, ಒಳಗಿದ್ದದ್ದಕ್ಕಿಂತ ಒಳ್ಳೇದನ್ನು ತುಂಬಿ ಕಟ್ಟಿದೆವೆಂದರೂ ಅವನು ನಮ್ಮನ್ನು ಪ್ರಾಮಾಣಿಕರೆನ್ನುವನೇ? ತಾಯಿಯನ್ನು ಅಗಲಿದ ಮಗುವು ತನ್ನ ತಲೆ ಸವರುವವರು ಹೇಳಿದ್ದನ್ನೆಲ್ಲಾ ಹೌದೆನ್ನುತ್ತದೆ. ಆ ಹೌದು ವಿಶ್ವಾಸದ್ದಲ್ಲ, ಒಂಟಿತನದ್ದು. ಮೇಜಿನ ಬಳಿಯಲ್ಲಿ ನಾವು ಮಾಡುವ ಪ್ರಾರ್ಥನೆಯನ್ನು ಮಗುವು ಕೇಳಲಿ, ನಮ್ಮ ನಡತೆಯನ್ನು ನೋಡಲಿ, ಕೇಳಿದರೆ ಉತ್ತರ ಹೇಳೋಣ. ಅದನ್ನು ಮರೆಮಾಡುವದು ಸಾಧ್ಯವಲ್ಲ, ಬೇಕಾದದ್ದೂ ಅಲ್ಲ. ಆದರೆ ಅದರ ತಾಯಿ ಕಲಿಸಿದ ಪ್ರಾರ್ಥನೆಯು ಸುಳ್ಳೆಂದು ಅವಳಿಲ್ಲದ ವೇಳೆಯಲ್ಲಿ ಹೇಳುವದು ಮಾತ್ರ ಕೂಡದು. ನಮ್ಮಲ್ಲಿ ಕೆಲವರು ಈ ಮಾತನ್ನು ಒಪ್ಪಲಾರರೆಂದು ಬಲ್ಲೆನು. ಅವರು ತಮ್ಮ ಸ್ವಂತ ಮಗಳನ್ನು ಒಂದು ವಿಪತ್ಕಾಲದಲ್ಲಿ ಬೇರೆ ಮತದವರ ಮನೆಯಲ್ಲಿ ಬಿಟ್ಟಂತೆ ಒಂದು ಗಳಿಗೆ ಭಾವಿಸಲಿ. ಆ ಮನೆಯವರು ಅವಳನ್ನು ಹೇಗೆ ನಡಿಸಬೇಕೆಂದು ಅವರು ಬಯಸುವರೋ ಅದೇ ನನ್ನ ಉತ್ತರ.

ಇದರಿಂದ ಇನ್ನೊಂದು ಆಳವಾದ ಸಂಗತಿಯು ಹೊರಡುತ್ತದೆ. ಕಡಿಮೆ ಪ್ರೀತಿಯಿಂದ ಮಾತ್ರವಲ್ಲ, ಪ್ರೀತಿಯು ಹೆಚ್ಚಾಗುವದರಿಂದಲೂ ಸಾಕುವವರು ತಪ್ಪಬಹುದು. ಅದೇ ಯುದ್ಧದ ಕಾಲದಲ್ಲಿ ಫಿನ್ಲಂಡ್ ದೇಶದವರು ಸುಮಾರು ೭೦,೦೦೦ ಮಕ್ಕಳನ್ನು ಸ್ವೀಡನ್ ದೇಶಕ್ಕೆ ಕಳುಹಿಸಿದರು. ಆ ಮಕ್ಕಳ ಕೊರಳಲ್ಲಿಯೂ ಚೀಟಿಗಳಿದ್ದವು. ಸ್ವೀಡನಿನವರು ಅವರನ್ನು ಬಹು ಪ್ರೀತಿಯಿಂದ ಸಾಕಿದರು. ಯುದ್ಧ ಮುಗಿದು ಮಕ್ಕಳು ಹಿಂದಿರುಗಿದಾಗ, ಚಿಕ್ಕವರಾಗಿ ಹೋದ ಅನೇಕರಿಗೆ ಫಿನ್ನಿಶ್ ಭಾಷೆಯು ಪೂರ್ತಿಯಾಗಿ ಮರೆತುಹೋಗಿತ್ತು. ತಾಯಿಯು ಮಾತಾಡಿದಳು, ಮಗುವು ಸುಮ್ಮನೆ ನಿಂತಿತು. ಕೆಲವು ಸಾವಿರ ಮಕ್ಕಳು ಹಿಂದಿರುಗಲೇ ಇಲ್ಲ, ಸಾಕಿದವರು ಬಿಡಲಿಲ್ಲ, ಅಥವಾ ಹೆತ್ತವರೇ ಬಡತನದ ದೆಸೆಯಿಂದ ಅಲ್ಲೇ ಇರಲೆಂದರು. ವೇಲ್ಸ್ ದೇಶಕ್ಕೆ ಹೋದ ಲಿವರ್‌ಪೂಲಿನ ಮಕ್ಕಳಲ್ಲಿಯೂ ಕೆಲವರು ವೇಲ್ಸಿನ ಭಾಷೆಯನ್ನಾಡುತ್ತಾ ಮನೆಗೆ ಬಂದರು. ಆ ಸಾಕುತಾಯಂದಿರು ದುಷ್ಟರಾಗಿರಲಿಲ್ಲ. ಮಗುವಿಗೆ ತಮ್ಮ ಭಾಷೆಯಲ್ಲಿ ಮುದ್ದಿಸಿದರು, ಅಷ್ಟೇ. ಆದರೂ ದೂರದ ಒಬ್ಬ ಹೆಂಗಸಿನ ಮಡಿಲು ದಿನದಿನಕ್ಕೂ ಬರಿದಾಗುತ್ತಾ ಬಂತು.

ಹಾಗಾದರೆ ಮುದ್ದಿಸಬಾರದೋ? ಮುದ್ದಿಲ್ಲದೆ ಮಗುವು ಬದುಕದು. ತನ್ನದೆಂಬಂತೆ ಪ್ರೀತಿಸಬೇಕು, ತನ್ನದಲ್ಲವೆಂಬದನ್ನು ಮರೆಯಲೂ ಬಾರದು. ಇವೆರಡೂ ಒಂದೇ ಎದೆಯಲ್ಲಿ ಹೇಗಿರಬಲ್ಲವು? ಶಾಸ್ತ್ರಿಗಳು ಇದನ್ನು ವಿವರಿಸುವದಕ್ಕಿಂತ ಚೆನ್ನಾಗಿ ಇಂಗ್ಲಂಡಿನ ಹಳ್ಳಿಯ ಹೆಂಗಸರು ಒಂದೇ ಶಬ್ದದಲ್ಲಿ ವಿವರಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಮಕ್ಕಳಿಂದ ತಮ್ಮನ್ನು ಆಂಟಿ ಎಂದು, ಅಂದರೆ ಚಿಕ್ಕಮ್ಮನೆಂದು, ಕರಸಿಕೊಂಡರು. ಅಮ್ಮನೆಂಬ ಶಬ್ದವನ್ನು ಅದರ ಒಡತಿಗಾಗಿ ಮೀಸಲಿಟ್ಟರು. ಅನೇಕರು ವಾರಕ್ಕೊಮ್ಮೆ ಮಗುವನ್ನು ಕೂಡ್ರಿಸಿ, ಬರೆಯಲೊಲ್ಲದಿದ್ದರೂ ಮನೆಗೆ ಕಾಗದ ಬರೆಯಿಸಿದರು. ತಾಯಿಯು ಭೇಟಿಗೆ ಬಂದ ದಿನ ತಾವು ಅಡಿಗೆಮನೆಗೆ ಸರಿದರು. ಬಂದುಹೋದ ಮೇಲೆ ಎರಡು ದಿನ ಅಳುವ ಮಗುವನ್ನು ಸಮಾಧಾನಪಡಿಸುವ ಕೆಲಸವೂ ಅವರ ಪಾಲಿಗೇ ಬಂತು.

೧೯೪೫ರಲ್ಲಿ ಮಕ್ಕಳು ಹಿಂದಿರುಗಿದರು. ಐದು ವರುಷದ ಕೂಸಾಗಿ ಬಂದವನು ಹನ್ನೊಂದು ವರುಷದ ಹುಡುಗನಾಗಿದ್ದನು. ಕೆಲವರಿಗೆ ಹಿಂದಿರುಗಲು ಮನೆಯೇ ಇರಲಿಲ್ಲ, ಕೆಲವರನ್ನು ಕರೆಯಲು ಯಾರೂ ಬರಲಿಲ್ಲ, ಅಂಥವರು ಅಲ್ಲೇ ಉಳಿದರು. ಉಳಿದವರ ಗಂಟುಗಳನ್ನು ಹಳ್ಳಿಯ ಗೃಹಿಣಿಯರೇ ಕಟ್ಟಿದರು. ಆ ಹೆಂಗಸರ ಮುಂದೆ ಯಾವ ಅರಸನೂ ಕತ್ತಿ ಹಿಡಿದು ನಿಂತಿರಲಿಲ್ಲ, ನೋಡುವ ಸಭೆಯೂ ಇರಲಿಲ್ಲ. ರಾಣಿಯ ಹೆಸರಿನ ಒಂದು ಕೃತಜ್ಞತೆಯ ಕಾಗದವು ಅನೇಕರಿಗೆ ಬಂದಿತ್ತು. ಮಗುವನ್ನು ಸ್ಟೇಶನಿಗೆ ಕರಕೊಂಡು ಹೋಗಿ, ಹೆತ್ತವಳನ್ನು ಕಂಡು ಹಿಂಜರಿದು ತಮ್ಮ ಸೆರಗನ್ನು ಹಿಡಿದ ಆ ಕೈಯನ್ನು ತಾವೇ ಬಿಡಿಸಿ ಆಕೆಯ ಕೈಯಲ್ಲಿಟ್ಟು ಅವರು ಮನೆಗೆ ನಡೆದರು. ಆ ಮಕ್ಕಳಲ್ಲಿ ಅನೇಕರು ದೊಡ್ಡವರಾಗಿ, ಮದುವೆಯಾಗಿ, ತಮ್ಮ ಕೂಸುಗಳನ್ನು ಎತ್ತಿಕೊಂಡು ಆ ಹಳ್ಳಿಗಳಿಗೆ ಚಿಕ್ಕಮ್ಮನನ್ನು ನೋಡಲಿಕ್ಕೆ ಬರುತ್ತಿದ್ದರು.